ಅಕ್ಕಾರ ನಂಬರು

ಅಕ್ಕಾರ ಮೇಲೆ ನನಗಿದ್ದ ಸಿಟ್ಟು ಅವರು ಹೋದ ಮೇಲಾದರೂ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿದಿಲ್ಲ. ಹೊಸಪೇಟೆಯಲ್ಲಿ ಶ್ರದ್ಧಾಂಜಲಿ ಸಭೆ ನಡೆದಾಗ ಒಬ್ಬರಾದ ಮೇಲೊಬ್ಬರು ಎದ್ದು, ಅಂಥವರು ಮತ್ತೆ ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಹಲ್ಲು ಕಡಿಯುತ್ತಿದ್ದೆ. ಅಂಥವರು ಇನ್ನೊಬ್ಬರು ಹುಟ್ಟಿದರೆ ನಮ್ಮ ಕಚೇರಿಗೆ ಬೀಗವೇ ಗತಿ ಎಂದು ಹೇಳಬೇಕೆನಿಸಿತ್ತು. ಹೇಳಿದ್ದರೆ ಕಂಪ್ಲಿ ಕಡೆಯಿಂದ ಬಂದಿದ್ದ ಹೆಂಗಸರು ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡು ಬಂದವನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದು ಸಹಾಯವಾಣಿಯಲ್ಲಿ ಕೆಲಸಕ್ಕಿದ್ದೆವು. ಬಸ್ ನಿಲ್ದಾಣದ ಹಿಂದೆ, ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಮುದುಕರನ್ನು ನೋಡಿಕೊಳ್ಳುವವರಿಲ್ಲ, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ, ಗಂಡ ಕುಡಿದು ಹೊಡೆಯುತ್ತಾನೆ, ನಡೆಯಲಾಗದ ಮಗುವಿಗೆ ಗಾಲಿಕುರ್ಚಿ ಬೇಕು, ರೇಷನ್ ಕಾರ್ಡಿನಿಂದ ಹೆಸರು ಬಿಟ್ಟುಹೋಗಿದೆ, ಹೀಗೆ ಏನೇ ಇರಲಿ, ಒಂದು ಪುಕ್ಕಟೆ ನಂಬರಿಗೆ ಫೋನ್ ಮಾಡಿದರೆ ಸಾಕು. ಯಾವ ಕಚೇರಿಗೆ, ಯಾವ ಆಸ್ಪತ್ರೆಗೆ ಹೋಗಬೇಕು ಎಂದು ನಾವು ಹೇಳುತ್ತೇವೆ, ಅಲ್ಲಿನವರಿಗೂ ತಿಳಿಸುತ್ತೇವೆ, ಕೆಲಸ ಆಗುವವರೆಗೆ ಅವರ ಬೆನ್ನು ಬಿಡುವುದಿಲ್ಲ. ಫೋನೆತ್ತಲು ಇಬ್ಬರು ಹೆಣ್ಣುಮಕ್ಕಳು, ಅವರ ಉಸ್ತುವಾರಿಗೆ ನಾನು. ಊರೂರಿಗೆ ಹೋಗಿ ಹೀಗೊಂದು ನಂಬರು ಇದೆ ಎಂದು ಜನರ ಕಿವಿಗೆ ಹಾಕುವ ಕೆಲಸ ಅಕ್ಕಾರದು. ಕರೆಗಳು ಬಂದರೆ ಕಚೇರಿ ಇರುತ್ತದೆ, ಬರದಿದ್ದರೆ ಬಾಗಿಲು ಹಾಕಿ ಬೇರೆ ಜಿಲ್ಲೆಗೆ ಕೊಡುತ್ತೇವೆ ಎಂದು ಬೆಂಗಳೂರಿನ ಮುಖ್ಯ ಕಚೇರಿಯವರು ಮೊದಲ ದಿನವೇ ಹೇಳಿದ್ದರು.

ಎಲ್ಲರಿಗೂ ಅವರು ಅಕ್ಕಾರು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಎತ್ತರದ ದೇಹ, ಗಂಡಸಿನಂಥ ದನಿ, ಮಳೆಗಾಲ ಬೇಸಿಗೆ ಎನ್ನದೆ ಕಂಕುಳಲ್ಲೊಂದು ಛತ್ರಿ. ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಹಳೆಯ ಬಟನ್ ಫೋನು. ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಅವರಿಗೆ ಬೇಕು. ಅಲ್ಲಿ ಯಾರಾದರೂ ಕುಳಿತಿದ್ದರೆ ಪಕ್ಕದಲ್ಲಿ ನಿಂತು, ಯಾವೂರು, ಯಾರ ಪೈಕಿ, ಯಾರ ಮನೆಯ ಹೆಣ್ಣು ತಂದಿದ್ದೀರಿ ಎಂದು ವಿಚಾರಿಸತೊಡಗುವರು. ವಿಚಾರಣೆ ಮುಗಿಯುವ ಹೊತ್ತಿಗೆ ಹೇಗೋ ಒಂದು ಸಂಬಂಧ ಹೊರಬಿದ್ದು, ಕುಳಿತವನು ಎದ್ದು ಜಾಗ ಬಿಟ್ಟಿರುತ್ತಿದ್ದ. ಮೊದಮೊದಲು ಇದು ನನಗೆ ತಮಾಷೆಯಾಗಿ ಕಾಣುತ್ತಿತ್ತು.

ಮೊದಲ ಸಲ ನಾನು ಅವರೊಂದಿಗೆ ಹೋದದ್ದು ಮೆಟ್ರಿಗೆ. ಕಂಪ್ಲಿ ತಾಲ್ಲೂಕಿನ ಆ ಊರಲ್ಲಿ ನೀರಾವರಿ ಇದೆ, ಬಾಳೆ, ಭತ್ತ ಇದೆ, ಹಾಗಾಗಿ ಹೆಂಗಸರು ಕೂಲಿ ಮುಗಿಸಿ ಬರುವುದೇ ಸಂಜೆ. ಶಾಲೆಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದ್ದೆವು. ನಾನು ಬೋರ್ಡಿನ ಮೇಲೆ ನಂಬರನ್ನು ದೊಡ್ಡದಾಗಿ ಬರೆದು, ಅದು ಏನು, ಯಾಕೆ, ಯಾವಾಗ ಮಾಡಬೇಕು ಎಂದು ವಿವರಿಸಿದೆ. ಹೆಂಗಸರು ತಲೆಯಾಡಿಸಿದರು. ಆಮೇಲೆ ಅಕ್ಕಾರು ಎದ್ದರು. ಸಹಾಯವಾಣಿಯ ಮಾತೇ ಇಲ್ಲ. ತಾನು ಹುಟ್ಟಿದ್ದು ಎಲ್ಲಿ, ಕೊಟ್ಟಿದ್ದು ಎಲ್ಲಿಗೆ, ಗಂಡ ಸಂಡೂರಿನ ಅದಿರು ಲಾರಿಯಲ್ಲಿ ಹೋದವರು ಹೇಗೆ ತೀರಿಕೊಂಡರು, ತಂಗಿಯನ್ನು ಜೊತೆಗಿಟ್ಟುಕೊಂಡು ಹೊಸಪೇಟೆಯಲ್ಲಿ ಹೇಗೆ ಬದುಕು ಕಟ್ಟಿದೆ, ಎಲ್ಲ ಹೇಳಿದರು. ಕಥೆ ಮುಗಿದಾಗ ಅರ್ಧ ಹೆಂಗಸರು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದರು.

ಆಗ ಒಬ್ಬಾಕೆ ಕೇಳಿದಳು. "ಅಕ್ಕಾರ, ನಿಮ್ ನಂಬರ್ ಕೊಡ್ರಿ."

ನಾನು ಬೋರ್ಡನ್ನು ತೋರಿಸಿದೆ. "ನಂಬರ್ ಇಲ್ಲೇ ಐತಲ್ವಾ."

"ಅದು ನಿಮ್ದು ಸರ. ಅಕ್ಕಾರ್ದು ಕೇಳಾಕತ್ತೀನಿ."

ಅಕ್ಕಾರು ನನ್ನ ಕಡೆ ನೋಡದೆ ತಮ್ಮ ನಂಬರನ್ನು ಗಟ್ಟಿಯಾಗಿ ಹೇಳಿದರು. ಬೋರ್ಡಿನ ಮೇಲಿದ್ದುದನ್ನು ಒಬ್ಬರೂ ಬರೆದುಕೊಂಡಿರಲಿಲ್ಲ. ಅವರು ಹೇಳಿದ್ದನ್ನು ಬರೆದುಕೊಳ್ಳಲು ಮಕ್ಕಳ ಪಾಟೀಚೀಲಗಳೆಲ್ಲ ತೆರೆದವು, ಒಬ್ಬಾಕೆ ಅಂಗೈ ಮೇಲೆ ಬರೆಸಿಕೊಂಡಳು.

ವಾಪಸು ಬರುವಾಗ ಕಂಪ್ಲಿಯ ಬಸ್ ನಿಲ್ದಾಣದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿನ್ನುತ್ತಾ ಕುಳಿತಿದ್ದೆವು. ನಾನು ತಾಳ್ಮೆಯಿಂದಲೇ ಶುರು ಮಾಡಿದೆ. ನೀವು ನಿಮ್ಮ ನಂಬರು ಕೊಟ್ಟರೆ ಜನ ನಿಮಗೇ ಮಾಡುತ್ತಾರೆ, ಸಹಾಯವಾಣಿಗೆ ಕರೆ ಬರುವುದಿಲ್ಲ, ಕರೆ ಬರದಿದ್ದರೆ ಕಚೇರಿ ಉಳಿಯುವುದಿಲ್ಲ ಎಂದೆ. ಅವರು ಮೆಣಸಿನಕಾಯಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟರು.

"ತಮ್ಮ, ಕೇಳಿದ್ರ ಇಲ್ಲ ಅನ್ನೋಕೆ ಬರತೈತೇನು? ನಿನ್ ನಂಬರಿಗೂ ಮಾಡ್ತಾರ ತಡಿ. ರೂಢಿ ಆಗಬೇಕು."

ರೂಢಿ ಆಯಿತು. ಅವರ ಫೋನು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುವುದು ರೂಢಿ ಆಯಿತು, ನಮ್ಮ ಮಹಡಿಯ ಮೇಲೆ ಫೋನೆತ್ತುವ ಹೆಣ್ಣುಮಕ್ಕಳು ಅವರೆಕಾಳು ಸುಲಿಯುವುದು ರೂಢಿ ಆಯಿತು.

ನಮ್ಮ ಕಡೆಯೂ ತಪ್ಪಿರಲಿಲ್ಲ ಎಂದೇನಲ್ಲ. ಫೋನೆತ್ತುವವರು ತಮ್ಮ ಹೆಸರು, ಊರು ಹೇಳಕೂಡದು ಎಂದು ಮುಖ್ಯ ಕಚೇರಿಯವರ ಕಟ್ಟಪ್ಪಣೆ. ಹಿಂದೆ ಬೇರೆಲ್ಲೋ ಕರೆ ಮಾಡಿದವನೊಬ್ಬ ಹೆಸರು ತಿಳಿದುಕೊಂಡು ಆ ಹುಡುಗಿಗೆ ಕಾಟ ಕೊಟ್ಟಿದ್ದನಂತೆ. ನಿಯಮ ಸರಿಯಾದದ್ದೇ. ಆದರೆ ನಮ್ಮ ಕಡೆ ಮಾತು ಶುರುವಾಗುವುದೇ ಯಾರ ಪೈಕಿ ಎಂಬಲ್ಲಿಂದ. ಫೋನೆತ್ತಿದಾಕೆ ನಮಸ್ಕಾರ, ಸಹಾಯವಾಣಿ ಎನ್ನುತ್ತಿದ್ದಂತೆ ಆಚೆಯವರು, "ಯಾರ್ ಮಾತಾಡೋದವಾ? ಯಾವೂರು?" ಎನ್ನುವರು. ಈಕೆ ಕಲಿಸಿಕೊಟ್ಟ ಹಾಗೆ, ದಯವಿಟ್ಟು ನಿಮ್ಮ ಸಮಸ್ಯೆಯನ್ನು ತಿಳಿಸಿ ಎನ್ನುವಳು. ಒಂದು ಸಲ ಕಂಪ್ಲಿ ಕಡೆಯ ಮುದುಕರೊಬ್ಬರು, "ಸಮಸ್ಯೆ ಏನಿಲ್ಲವಾ, ನಮ್ಮನಿಯಾಕಿ ಹಾಸಿಗಿ ಬಿಟ್ಟು ಏಳವಲ್ಲಳು" ಎಂದು ಫೋನ್ ಇಟ್ಟುಬಿಟ್ಟರು. ಹೆಸರು ಹೇಳದವಳ ಮುಂದೆ ಹೆಂಡತಿಯ ವಿಚಾರ ಎಷ್ಟೆಂದು ಹೇಳುವುದು? ಫೋನೆತ್ತಿದ್ದ ನಮ್ಮಾಕೆ ತಾನೇ ಮತ್ತೆ ಮಾಡಿದರೂ ಅವರು ಎತ್ತಲಿಲ್ಲ. ಸಂಜೆ ಅವರು ಅಕ್ಕಾರಿಗೆ ಮಾಡಿದ್ದರು. ಮರುದಿನ ಬೆಳಿಗ್ಗೆ ಅಕ್ಕಾರು ಕಂಪ್ಲಿಯಲ್ಲಿದ್ದರು.

ಅದನ್ನೇ ಹಿಡಿದುಕೊಂಡು ಅವರು ನನ್ನನ್ನು ಚುಚ್ಚುತ್ತಿದ್ದರು. "ಹೆಸರಿಲ್ಲದಾಕಿ ಕೂಡ ಯಾರ್ ಮಾತಾಡ್ತಾರೋ ತಮ್ಮ? ನೀ ಮಾತಾಡ್ತಿಯೇನು?"

"ನೀವು ಒಬ್ರು ಎಷ್ಟು ಊರಿಗೆ ಓಡ್ತೀರಿ ಅಕ್ಕಾರ? ನೀವು ಹೋಗಿ ಜಗಳಾಡಿದ್ರ ಒಬ್ಬರ ಕೆಲಸ ಆಗತೈತಿ. ಅದೇ ತ್ರಾಸ ಇರೋ ಮಿಕ್ಕಿದವರದು ಯಾರಿಗೆ ಗೊತ್ತಾಗಬೇಕು? ಹತ್ತು ಮಂದಿ ನಂಬರಿಗೆ ಮಾಡಿದ್ರ ಆಫೀಸಿನವರು ತಾವಾಗೇ ಊರಿಗೆ ಬರಬೇಕಾಗತೈತಿ."

"ಬರ್ತಾರ, ಬರ್ತಾರ" ಎನ್ನುತ್ತಾ ಛತ್ರಿ ಎತ್ತಿಕೊಂಡು ಹೊರಡುವರು.

ಪ್ರಚಾರಕ್ಕೆ ನಾವು ಮಾಡದ ಕಸರತ್ತಿಲ್ಲ. ಮೆಟ್ರಿಯಲ್ಲಿ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ ನಂಬರು ಬರೆಸಿದೆವು. ದೀಪಾವಳಿಗೆ ಮನೆಯವರು ಅದರ ಮೇಲೆಯೇ ನೀಟಾಗಿ ಸುಣ್ಣ ಹೊಡೆದರು. ನಾನು ಕುದಿಯುತ್ತಿದ್ದರೆ ಅಕ್ಕಾರು, ಗೋಡೆ ಅವರದು, ಹಬ್ಬವೂ ಅವರದು, ನಿನ್ನದೇನು ಎಂದರು. ಹಂಪಿಯಲ್ಲಿ ಆಟೋಗಳಿಗೆ ಅಂಟಿಸಲು ಸ್ಟಿಕ್ಕರ್ ಮಾಡಿಸಿದೆವು. ಆಟೋದ ಹಿಂದುಗಡೆ ಆಗಲೇ ನೆಚ್ಚಿನ ಹೀರೋ, ಮುಂದುಗಡೆ ದೇವರು. ನಮ್ಮ ಸ್ಟಿಕ್ಕರಿಗೆ ಸಿಕ್ಕಿದ್ದು ಡ್ರೈವರಿನ ಕಾಲ ಬಳಿ. ಒಬ್ಬ ಮಾತ್ರ ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ಹಚ್ಚಿದ್ದ. ಖುಷಿಯಿಂದ ಹತ್ತಿರ ಹೋಗಿ ನೋಡಿದರೆ, ನಮ್ಮ ನಂಬರಿನ ಕೆಳಗೆ ಪೆನ್ನಿನಲ್ಲಿ ಅಕ್ಕಾರ ನಂಬರು. ಯಾರು ಬರೆದದ್ದು ಎಂದು ಕೇಳಿದೆ. ಅಕ್ಕಾರೇ ಬರೆದುಕೊಟ್ಟರು ಎಂದ, ಬಹುಮಾನ ಬಂದವನ ಹಾಗೆ.

ದೋಣಿಮಲೈಗೆ ಹೋದ ದಿನವೂ ನೆನಪಾಗುತ್ತದೆ. ಗಣಿ ಕಂಪನಿಯ ಕ್ವಾರ್ಟರ್ಸ್ ಹೆಂಗಸರಿಗಾಗಿ ಕಾರ್ಯಕ್ರಮ. ಬ್ಯಾನರ್ ಕಟ್ಟಿದರು, ಹಾರ ಹಾಕಿದರು, ಫೋಟೋ ತೆಗೆದರು. ಅಲ್ಲಿ ಕುಳಿತಿದ್ದವರಿಗೆಲ್ಲ ಆಸ್ಪತ್ರೆಯೂ ಇತ್ತು, ಶಾಲೆಯೂ ಇತ್ತು, ನಮ್ಮ ನಂಬರು ಬೇಕಿರಲಿಲ್ಲ. ಅಕ್ಕಾರು ಅರ್ಧದಲ್ಲೇ ಕಾಣೆಯಾದರು. ಹುಡುಕಿಕೊಂಡು ಹೋದರೆ, ಬಸ್ ಕಾಯುತ್ತಿದ್ದ ಮನೆಗೆಲಸದ ಹೆಂಗಸರ ನಡುವೆ ಕೆಂಪು ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು ಯಾರದೋ ಮೊಮ್ಮಗನ ಕಿವಿ ಸೋರುವುದನ್ನು ನೋಡುತ್ತಿದ್ದರು. ನಂಬರು ಬೇಕಾದವರು ಎಲ್ಲಿದ್ದಾರೆ ಎಂಬುದನ್ನು ಅವರಷ್ಟು ಬೇಗ ವಾಸನೆ ಹಿಡಿಯುವವರನ್ನು ನಾನು ಕಂಡಿಲ್ಲ. ಹಿಡಿದು ಕೊಡುತ್ತಿದ್ದುದು ಮಾತ್ರ ತಮ್ಮ ನಂಬರನ್ನು. ಆ ದಿನ ಬಸ್ಸಿನಲ್ಲಿ ನಾನು ಅವರೊಂದಿಗೆ ಮಾತಾಡಲಿಲ್ಲ. ಅವರು ಆರಾಮಾಗಿ ಸಂಡೂರಿನವರೆಗೂ ನಿದ್ದೆ ಹೊಡೆದರು.

ಹೀಗಿರುವಾಗ ಮುಖ್ಯ ಕಚೇರಿಯಿಂದ ಒಬ್ಬರು ಬಂದರು. ನಮ್ಮ ಜಿಲ್ಲೆಯಿಂದ ಕರೆಗಳೇ ಇಲ್ಲ, ಇಲ್ಲಿನ ಜನರಿಗೆ ಕಷ್ಟವಿಲ್ಲವೆಂದು ಕಾಣುತ್ತದೆ, ಸಂತೋಷ ಎಂದರು. ಗೇಲಿಗೆ ಹೇಳಿದರೋ ನಿಜಕ್ಕೂ ಹೇಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಮುಂದಿನ ಯುಗಾದಿಯೊಳಗೆ ಪರಿಸ್ಥಿತಿ ಬದಲಾಗದಿದ್ದರೆ ಮುಚ್ಚುತ್ತೇವೆ ಎಂದು ಹೇಳಿಹೋದರು. ಪಕ್ಕದ ಕೋಣೆಯಲ್ಲೇ ಅಕ್ಕಾರ ಫೋನು ಒಂದೇ ಸಮನೆ ಕೂಗುತ್ತಿತ್ತು.

ಅವತ್ತು ನಾನು ಕೂಗಾಡಿದೆ. ಫೋನೆತ್ತುವ ಹೆಣ್ಣುಮಕ್ಕಳು ಹೆದರಿ ಮಹಡಿಯ ಮೆಟ್ಟಿಲಿಗೆ ಹೋಗಿ ನಿಂತರು. ಅಕ್ಕಾರು ಎಲ್ಲ ಕೇಳಿಸಿಕೊಂಡು, ಹುಲಿಗೆಮ್ಮನ ಆಣೆ ಮಾಡಿದರು. ಇನ್ನು ಯಾರ ಫೋನೂ ಎತ್ತುವುದಿಲ್ಲ, ಎಲ್ಲರಿಗೂ ಸಹಾಯವಾಣಿಗೇ ಮಾಡಲು ಹೇಳುತ್ತೇನೆ ಎಂದರು. ನನ್ನೆದುರೇ ಫೋನ್ ಆರಿಸಿದರು. ನನಗೆ ಬಹಳ ಸಮಾಧಾನವಾಯಿತು. ನಾಳೆಯಿಂದ ನಮ್ಮ ಫೋನುಗಳು ಬಡಿದುಕೊಳ್ಳುತ್ತವೆ ಎಂದು ಹೆಣ್ಣುಮಕ್ಕಳಿಗೆ ಎಚ್ಚರಿಕೆಯನ್ನೂ ಕೊಟ್ಟೆ.

ಫೋನು ಬಡಿದುಕೊಳ್ಳಲಿಲ್ಲ. ಜನರೇ ಬಂದರು. ಅಕ್ಕಾರ ಫೋನು ಹತ್ತುತ್ತಿಲ್ಲ, ಅವರಿಗೇನಾಯಿತೋ ಎಂದು ಗಾಬರಿಯಾಗಿ, ಕೂಲಿ ಬಿಟ್ಟು, ಬಸ್ ಹಿಡಿದು, ಚಿತ್ತವಾಡಗಿಯಲ್ಲಿದ್ದ ಅವರ ಮನೆ ಹುಡುಕಿಕೊಂಡು ಬಂದರು. ಬರುವಾಗ ಬಾಳೆಹಣ್ಣು ಬೇರೆ. ಅಕ್ಕಾರು ಆಣೆ ಮಾಡಿದ್ದರಲ್ಲ, ಅವರನ್ನೆಲ್ಲ ಕರೆದುಕೊಂಡು ನಮ್ಮ ಮಹಡಿ ಹತ್ತಿದರು. ಸಂಡೂರು ಕಡೆಯ ಒಬ್ಬ ಹೆಣ್ಣುಮಗಳ ಕೈಗೆ ನನ್ನ ಫೋನು ಕೊಟ್ಟು, ಸಹಾಯವಾಣಿಯ ನಂಬರು ಒತ್ತಿಸಿದರು. ಎದುರಿನ ಮೇಜಿನ ಮೇಲೆ ಫೋನು ಹೊಡೆದುಕೊಂಡಿತು. ನಮ್ಮಾಕೆ ಎತ್ತಿ, ನಮಸ್ಕಾರ, ಸಹಾಯವಾಣಿ ಎಂದಳು.

ಬಂದಾಕೆ ಫೋನು ಕೆಳಗಿಳಿಸಿ ಅವಳ ಮುಖ ನೋಡಿದಳು. "ಇಲ್ಲೇ ಕುಂತಾಳಲ್ರಿ ಅಕ್ಕಾರ. ಬಾಯಿಲೇ ಹೇಳ್ತೀನಿ ಬಿಡ್ರಿ."

"ಬಾಯಿಲೇ ಹೇಳಿದ್ರ ನಮ್ ತಮ್ಮಗ ಆಗಿಬರೂದಿಲ್ಲವಾ. ಫೋನ್ ಕಿವಿಗಿ ಹಿಡ್ಕೋ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಫೋನಿನಲ್ಲಿ ಮಾತಾಡಿದರು. ಮಾತಿಗಿಂತ ನಗುವೇ ಹೆಚ್ಚಿತ್ತು. ಅಕ್ಕಾರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು, ನಿನ್ನ ಕರೆ ಬಂತಲ್ಲ, ತಗೋ ಎನ್ನುವ ಹಾಗೆ. ಸಿಟ್ಟಿನಲ್ಲಿ ನನಗೆ ನಗಲೂ ಆಗಲಿಲ್ಲ. ಹೀಗೆ ಕೆಲವು ದಿನ ನಡೆದು, ಒಂದು ಬೆಳಿಗ್ಗೆ ನೋಡಿದರೆ ಅವರ ಕೊರಳಿನ ಫೋನು ಮತ್ತೆ ಕೂಗುತ್ತಿತ್ತು. ಆಣೆಯ ವಿಚಾರ ಕೇಳಿದ್ದಕ್ಕೆ, ಹುಲಿಗೆಮ್ಮನಿಗೆ ಕಾಯಿ ಒಡೆಸಿಕೊಂಡು ಬಂದೆ, ಆಕೆ ಒಪ್ಪಿದಳು ಎಂದರು.

ಇಷ್ಟೇ ಆಗಿದ್ದರೆ ನಾನೂ ಸಭೆಯಲ್ಲಿ ಎದ್ದು ನಿಂತು ಹೊಗಳುತ್ತಿದ್ದೆನೇನೋ. ಮೆಟ್ರಿಯ ಆ ಓಣಿಯ ವಿಚಾರ ಆಗದೆ ಹೋಗಿದ್ದರೆ.

ಅಲ್ಲಿ ಕಾಲುವೆಯ ಹತ್ತಿರದ ಓಣಿಯಲ್ಲಿ ಲಕ್ವ ಹೊಡೆದ ತಾಯಿಯನ್ನು ಸಾಕಿಕೊಂಡಿದ್ದ ಒಬ್ಬ ಹೆಂಗಸಿದ್ದಳು. ಅಕ್ಕಾರಿಗೆ ಫೋನ್ ಮಾಡಿದ್ದಳು. ಅಕ್ಕಾರು ಹೋಗಿ, ಯಾರ್ಯಾರನ್ನೋ ಕಾಡಿ ಬೇಡಿ, ಮನೆಗೇ ನರ್ಸ್ ಬಂದು ನೋಡುವಂತೆ, ಗಾಳಿ ತುಂಬುವ ಹಾಸಿಗೆ ಸಿಗುವಂತೆ ಮಾಡಿದ್ದರು. ಮುದುಕಿಗೆ ಒಂದು ಗಾಯ ಕೂಡ ಆಗದಂತೆ ಮಗಳು ನೋಡಿಕೊಂಡಿದ್ದಳು. ಬೇರೊಂದು ಕೆಲಸಕ್ಕೆ ಊರಿಗೆ ಹೋದವನು ಅವಳನ್ನು ಮಾತಾಡಿಸಿಕೊಂಡು ಹೊರಬರುತ್ತಿದ್ದೆ. ಪಕ್ಕದ ಮನೆಯಿಂದ ವಾಸನೆ ಬಂತು. ಒಳಗೆ ಹೊರಸಿನ ಮೇಲೆ ಒಬ್ಬ ಮುದುಕ ಮಲಗಿದ್ದ. ಟ್ರಾಕ್ಟರಿನಿಂದ ಬಿದ್ದು ಸೊಂಟ ಮುರಿದಿತ್ತಂತೆ. ಸೊಸೆ ಬಾಳೆ ತೋಟಕ್ಕೆ ಕೂಲಿಗೆ ಹೋಗಿ ಬಂದು ನೀರು ಕುಡಿಸಿ, ಹೊರಳಿಸಲು ಬರದೆ ಹಾಗೇ ಬಿಟ್ಟಿದ್ದಳು. ಬೆನ್ನು ಪೂರ್ತಿ ಹುಣ್ಣಾಗಿತ್ತು. ಇಂಥದಕ್ಕೆ ನರ್ಸ್ ಮನೆಗೆ ಬರುತ್ತಾರೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ.

ನಾನು ಮೊದಲ ಮನೆಯಾಕೆಯನ್ನು ಹೊರಗೆ ಕರೆದೆ. "ನಿಮಗ ಗೊತ್ತಿತ್ತಲ್ಲಮ್ಮ. ಒಂದು ಗೋಡಿ ಆಚೆ ಇದ್ದವರಿಗೆ ಹೇಳಬಾರದಿತ್ತಾ?"

ಆಕೆ ಕೆಟ್ಟವಳಲ್ಲ. ಆ ಮುದುಕನಿಗೆ ದಿನಾ ಗಂಜಿ ಕೊಡುತ್ತಿದ್ದವಳು ಅವಳೇ. "ಅಕ್ಕಾರು ನಂಬರ್ ನನಗ ಅಂತ ಕೊಟ್ಟಾರ್ರಿ ಸರ. ಅವರಿಗೂ ವಯಸ್ಸಾಗೈತಿ. ಎಲ್ಲರಿಗೂ ಕೊಟ್ಟು ಅವರಿಗ್ಯಾಕ ತ್ರಾಸ ಮಾಡೋದು ಅಂತ ಯಾರಿಗೂ ಕೊಟ್ಟಿಲ್ಲ ನೋಡ್ರಿ."

"ಮತ್ತ ಆ ಪುಕ್ಕಟೆ ನಂಬರ್?"

"ಅದು ಯಾರ್ದೋ ಏನೋ" ಎಂದಳು.

ಮುದುಕನನ್ನು ಹೊಸಪೇಟೆಗೆ ತಂದು ಆಸ್ಪತ್ರೆಗೆ ಸೇರಿಸಿದೆವು. ಅವನು ಊರಿಗೆ ವಾಪಸು ಹೋಗಲಿಲ್ಲ. ಅವನು ತೀರಿಕೊಂಡ ಸಂಜೆ ನಾನು ಅಕ್ಕಾರ ಮನೆಗೆ ಹೋದೆ. ತಂಗಿ ಚಹಾ ತಂದಿಟ್ಟರು, ನಾನು ಮುಟ್ಟಲಿಲ್ಲ. ನಡೆದದ್ದನ್ನೆಲ್ಲ, ಆ ಹೆಂಗಸು ಹೇಳಿದ ಮಾತನ್ನೂ ಹೇಳಿದೆ. ಸಿಟ್ಟು ಮಾಡಲು ಹೋಗಿದ್ದೆ, ಆದರೆ ಈ ಸಲ ಕೂಗಾಡಲಿಲ್ಲ. ಅಕ್ಕಾರು ಕೊರಳಿನ ಫೋನನ್ನು ಕೈಯಲ್ಲಿ ಹಿಡಿದುಕೊಂಡು ನೋಡಿದರು.

"ಮಂದಿಗೆ ಆಸರ ಆಗೀನಿ ಅಂದ್ಕೊಂಡಿದ್ದೆ ತಮ್ಮ. ಅಡ್ಡ ನಿಂತಿದ್ದೆನೇನು ನಾನು?"

ಹೌದು ಎಂದೆ. ಇವತ್ತು ಕೇಳಿದರೂ ಹೌದು ಎಂದೇ ಹೇಳುತ್ತೇನೆ.

ಅವರ ನಿವೃತ್ತಿಗೆ ಆಗ ಸ್ವಲ್ಪವೇ ಸಮಯವಿತ್ತು. ಆಮೇಲೆ ಅವರು ನಿಜಕ್ಕೂ ಬದಲಾದರು. ಹಿಂದೆ ಹೋಗಿದ್ದ ಊರುಗಳಿಗೆಲ್ಲ ಮತ್ತೆ ಹೋದರು. ಮೆಟ್ರಿಯ ಕಟ್ಟೆಯ ಮೇಲೆ ಆ ಮುದುಕನ ವಿಚಾರವನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸಹಾಯವಾಣಿಯ ನಂಬರನ್ನು ಸೋಬಾನೆ ಪದದ ಧಾಟಿಯಲ್ಲಿ ಹೆಂಗಸರಿಂದ ಹಾಡಿಸಿದರು. ನನ್ನ ಬೋರ್ಡಿಗಿಂತ ಅದು ಸಾವಿರ ಪಾಲು ವಾಸಿ, ಮೊದಲೇ ಯಾಕೆ ಮಾಡಲಿಲ್ಲ ಎಂದು ನನಗೆ ಅದಕ್ಕೂ ಸಿಟ್ಟು ಬಂತು. ಕೆಲಸ ಬಿಡುವ ದಿನ ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಫೋನಿನ ಬೆನ್ನು ಬಿಚ್ಚಿ, ಉಗುರಿನಿಂದ ಸಿಮ್ ಎಬ್ಬಿಸಿ ನನ್ನ ಅಂಗೈಗೆ ಹಾಕಿದರು.

"ಇದನ್ನ ನಿಮ್ ಮೇಜಿನ ಮ್ಯಾಲೆ ಇಟ್ಕೊ. ಯಾರ್ ಮಾಡಿದ್ರೂ ನಿಮ್ ಹೆಣ್ಮಕ್ಳು ಎತ್ತಲಿ. ನಾ ಹೊಸಾದು ತಗೋತೀನಿ, ಯಾರಿಗೂ ಕೊಡೂದಿಲ್ಲ."

ಮೇಲಿನವರಿಗೆ ಹೇಳಿದರೆ ನೂರೆಂಟು ನಿಯಮ ತೆಗೆಯುತ್ತಾರೆ. ಯಾರಿಗೂ ಹೇಳದೆ ಒಂದು ಹಳೆಯ ಫೋನಿಗೆ ಆ ಸಿಮ್ ಹಾಕಿ ಮೇಜಿನ ಮೇಲಿಟ್ಟೆ. ಅದು ಕೂಗುತ್ತಲೇ ಇತ್ತು. ನಮ್ಮಾಕೆ ಎತ್ತುವಳು. "ಅಕ್ಕಾರ?" ಎಂದು ಆಚೆಯಿಂದ ದನಿ. ಈಕೆ ನಮಸ್ಕಾರ, ಸಹಾಯವಾಣಿ ಎನ್ನುವಳು. ಕೆಲವರು ತಡವರಿಸುತ್ತಾ ಮಾತು ಮುಂದುವರಿಸುವರು. ನಮ್ಮ ನಂಬರಿಗೂ ಕರೆಗಳು ನಿಧಾನವಾಗಿ ಬರತೊಡಗಿದ್ದವು, ಕಚೇರಿ ಮುಚ್ಚುವ ಮಾತನ್ನು ಮುಖ್ಯ ಕಚೇರಿಯವರು ಮುಂದೂಡಿದ್ದರು. ಆದರೆ ಅಕ್ಕಾರ ಸಿಮ್‌ಗೆ ಮಾಡಿದವರಲ್ಲಿ ಬಹಳ ಮಂದಿ, ಬೇರೆ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತಿದ್ದರು. ಮತ್ತೆ ಮಾಡಿದರೆ ಎತ್ತುತ್ತಿರಲಿಲ್ಲ. "ಮತ್ತೊಬ್ರು ಇಟ್ಬಿಟ್ರು ಸರ್" ಎಂದು ಆಕೆ ಹೇಳುವುದು, ನಾನು ನಿಟ್ಟುಸಿರು ಬಿಡುವುದು, ಇದೇ ನಿತ್ಯದ ಕಥೆಯಾಯಿತು.

ಒಂದು ಬೆಳಿಗ್ಗೆ ಆಗಷ್ಟೇ ಕಚೇರಿ ಬಾಗಿಲು ತೆರೆದು ಕುಳಿತಿದ್ದೆವು. ಅಕ್ಕಾರ ಸಿಮ್ ಕೂಗಿತು. ನಮ್ಮಾಕೆ ಎತ್ತಿ, ನಮಸ್ಕಾರ, ಸಹಾಯವಾಣಿ ಎಂದಳು. ಆಚೆಯವರು ಇಟ್ಟರು. ಆಕೆ ವಾಪಸು ಮಾಡಿದಳು, ಹೊಡೆದುಕೊಂಡು ನಿಂತಿತು. ಮತ್ತೊಬ್ಬರು ಇಟ್ಟರು ಎಂದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ಅಕ್ಕಾರು ಮನೆಯಲ್ಲಿ ಕುಸಿದು ಬಿದ್ದರು, ಓಣಿಯವರು ಆಟೋ ಹುಡುಕಿ ಆಸ್ಪತ್ರೆಗೆ ಒಯ್ದರು, ದಾರಿಯಲ್ಲೇ ಹೋದರು ಎಂದು.

ಮಣ್ಣಾದ ಮೇಲೆ ಒಂದು ದಿನ ಅವರ ಮನೆಗೆ ಹೋದೆ. ತಂಗಿ ಒಬ್ಬರೇ ಇದ್ದರು. ಅಕ್ಕಾರ ಎದುರು ಯಾವತ್ತೂ ದನಿ ಎತ್ತಿದವರಲ್ಲ, ಅವರ ನೆರಳಿನಂತೆ ಇದ್ದ ಹೆಂಗಸು. ಎಲ್ಲ ಹೇಗಾಯಿತು ಎಂದು ಕೇಳಿದೆ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದರು.

"ಚಾ ಕುಡದು ಲೋಟ ಇಟ್ಟಾಳ, ಹಂಗ ಬಿದ್ದಾಳ. ನನಗ ಕೈಕಾಲು ಆಡ್ಲಿಲ್ಲ ನೋಡಪ್ಪ. ಫೋನ್ ತಗೊಂಡು ಮಾಡಿದೆ. ಯಾರೋ ಎತ್ತಿದ್ರು, ಅಕ್ಕನ ದನಿ ಅಲ್ಲ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ. ಫೋನ್ ಅಲ್ಲೇ ಒಗದು ಹೊರಗ ಓಡಿದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಯಾರಿಗೆ ಮಾಡಿದ್ರಿ?"

"ಅಕ್ಕಗ."

"ಅಕ್ಕಾರು ನಿಮ್ಮ ಮುಂದ ಬಿದ್ದಿದ್ರಲ್ಲ."

"ಮುಂದ ಬಿದ್ದಿದ್ಲು. ಆದ್ರ ತ್ರಾಸ ಬಂದ್ರ ನಾ ಹುಟ್ಟಿದಾಗಿಂದ ಅಕ್ಕಗ ಹೇಳಾಕಿ. ಕೈ ತಾನ ಆ ನಂಬರ್ ಒತ್ತಿಬಿಡ್ತು."

ಆ ನಂಬರಿನ ಫೋನು ನಮ್ಮ ಮೇಜಿನ ಮೇಲಿತ್ತು. ಎತ್ತಿದಾಕೆಗೆ ಆಂಬುಲೆನ್ಸ್ ಕಳಿಸಲು ಒಂದು ಮಾತು ಸಾಕಿತ್ತು. ಹೀಗಾಗಿದೆ ಎಂದು ಇವರು ಅಂದಿದ್ದರೆ ಸಾಕಿತ್ತು, ನಾನು ಇಂಥವಳು ಎಂದು ಅವಳು ಅಂದಿದ್ದರೂ ಸಾಕಿತ್ತು. ಅಕ್ಕಾರು ಬದುಕುತ್ತಿದ್ದರೋ ಇಲ್ಲವೋ, ನಾನು ಡಾಕ್ಟರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ತಿಳಿಯದೆ, ಗೋಡೆಯ ಮೇಲೆ ಹಾರ ಹಾಕಿದ್ದ ಅಕ್ಕಾರ ಫೋಟೋದ ಮೇಲೆಯೇ ಸಿಟ್ಟು ಬಂತು. ಇಡೀ ಸೀಮೆಗೆ ಹಾಡಿ ಕಲಿಸಿದ ನಂಬರನ್ನು ಸ್ವಂತ ತಂಗಿಗೆ ಕಲಿಸಿರಲಿಲ್ಲ. ತಾವಿರುವಾಗ ಅವಳಿಗೆ ಅದೇಕೆ ಬೇಕು ಎಂದುಕೊಂಡಿದ್ದಿರಬೇಕು.

ಇನ್ನು ಈ ಮನೆಯಲ್ಲಿ ಈಕೆ ಒಬ್ಬರೇ. ಸಿಟ್ಟು ಮಾಡಿಕೊಂಡು ಎದ್ದುಬರುವ ಹಾಗಿರಲಿಲ್ಲ. ಸರಿಯಾಗಿ ಕುಳಿತುಕೊಂಡು, 'ನೋಡ್ರಿ ಅಮ್ಮ, ಒಂದು ಪುಕ್ಕಟೆ ನಂಬರ್ ಐತಿ' ಎಂದು ಮೊದಲಿನಿಂದ ಶುರು ಮಾಡಿದೆ. ಮೆಟ್ರಿಯಲ್ಲಿ, ಕಂಪ್ಲಿಯಲ್ಲಿ, ಸಂಡೂರಿನಲ್ಲಿ ಹೇಳಿದ್ದನ್ನೆಲ್ಲ ಆ ಫೋಟೋದ ಕೆಳಗೆ ಕುಳಿತು ಹೇಳಿದೆ. ಯಾವಾಗ ಮಾಡಬೇಕು, ಏನು ಹೇಳಬೇಕು, ಯಾರು ಎತ್ತುತ್ತಾರೆ, ಹೆಸರು ಹೇಳದಿದ್ದರೂ ಅವರು ನಮ್ಮವರೇ, ಹೆದರಬೇಡಿ ಎಂದೆ. ಅವರು ಒಂದೊಂದು ಮಾತಿಗೂ ತಲೆಯಾಡಿಸಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಆತು ತಮ್ಮ" ಎಂದರು. "ನಿನ್ ನಂಬರ್ ಕೊಟ್ಟು ಹೋಗು."

ಬೈಯಲು ಬಾಯಿ ತೆರೆದೆ. ಅವರು ಫೋನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು. ನನ್ನ ನಂಬರು ಹೇಳಿದೆ. ಅವರು ಅದನ್ನು ಒತ್ತಿಕೊಂಡು ಸುಮ್ಮನಾಗಲಿಲ್ಲ. ಬಾಯಿಪಾಠವಾಗುವ ತನಕ ನನ್ನಿಂದ ಮತ್ತೆ ಮತ್ತೆ ಹೇಳಿಸಿದರು.